ಐದು ವಾರದ ಹಾಜರಿ

ಊರಿನ ಕಾಲೇಜಿನಲ್ಲಿ ಅವನು ಹದಿಮೂರು ವರ್ಷ ಗುಮಾಸ್ತನಾಗಿದ್ದ. ಹುಡುಗರು ಇಟ್ಟ ಹೆಸರು ಅಡ್ಜಸ್ಟ್ ಅಣ್ಣ. ಪರೀಕ್ಷೆ ಹತ್ತಿರ ಬಂತೆಂದರೆ ಹಾಜರಾತಿ ಕೊರತೆಯವರ ಪಟ್ಟಿ ನೋಟಿಸ್ ಬೋರ್ಡಿಗೆ ಬೀಳುತ್ತಿತ್ತು. ಪಟ್ಟಿಯಲ್ಲಿದ್ದವರ ಅಪ್ಪಂದಿರು ಅವನ ಮೇಜಿನ ಮುಂದೆ ಬಂದು ನಿಲ್ಲುತ್ತಿದ್ದರು. "ಏನೋ ಒಂದು ಮಾಡೋಣ ಬಿಡಿ" ಎನ್ನುತ್ತಿದ್ದ. ಮಾಡಿಯೂ ಬಿಡುತ್ತಿದ್ದ. ಯಾರ ಹತ್ತಿರವೂ ಒಂದು ಕಾಫಿ ಕೂಡ ಕುಡಿದವನಲ್ಲ, ಅದನ್ನು ಹೇಳಲೇಬೇಕು. ಯಾರದೋ ಮಗಳ ವರ್ಷ ಹಾಳಾಗಬಾರದು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಒಳ್ಳೆಯತನ ಹೀಗೂ ಇರುತ್ತದೆ, ಏನು ಮಾಡುತ್ತೀರಿ?

ಹೆಂಡತಿ ನರ್ಸು. ಆರು ವರ್ಷ ನರ್ಸಿಂಗ್ ಹೋಮಿನಲ್ಲಿ ದುಡಿದು, ಇದ್ದಬದ್ದ ಪರೀಕ್ಷೆಯನ್ನೆಲ್ಲ ಬರೆದು, ಈ ಪರದೇಶದ ಕಾಲೇಜಿನಲ್ಲಿ ಎರಡು ವರ್ಷದ ಓದಿಗೆ ಸೀಟು ಗಿಟ್ಟಿಸಿದ್ದಳು. ಸೀಟು ಅವಳದು, ವೀಸಾ ಅವಳದು. ಅವನು ಬಂದದ್ದು ಅವಳ ಗಂಡ ಎಂಬ ಲೆಕ್ಕದಲ್ಲಿ. "ನಿನ್ನ ಸೆರಗು ಹಿಡ್ಕೊಂಡು ಬರ್ತಿದೀನಿ ಸಿಸ್ಟರಮ್ಮ, ಮಧ್ಯದಲ್ಲಿ ಕೊಡವಿಬಿಡಬೇಡ" ಎಂದು ವಿಮಾನದಲ್ಲಿ ತಮಾಷೆ ಮಾಡಿದ್ದ.

ಇಲ್ಲಿ ಸಿಕ್ಕಿದ್ದು ಮಹಡಿಯ ಮೇಲೊಂದು ಕೋಣೆ. ಅಡುಗೆಮನೆ ಮೂರು ಸಂಸಾರಕ್ಕೆ ಒಂದೇ. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ, ಅದೂ ಕೈಗೆ ಸಿಗುವಷ್ಟು ಹತ್ತಿರ. ಅವನಿಗೆ ಕೆಲಸ ಸಿಕ್ಕಿದ್ದು ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ. ಬಿಸಿ ಉರುಳೆಗಳ ನಡುವಿನಿಂದ ಹಾಸಿಗೆಯ ಬಟ್ಟೆ ಹೊರಬರುತ್ತದೆ. ಒಂದು ತುದಿ ಇವನು, ಇನ್ನೊಂದು ತುದಿ ಒಬ್ಬ ಮಾತಿಲ್ಲದ ಹೆಂಗಸು. ಮಡಿಸು, ಹತ್ತಿರ ಬಾ, ಮಡಿಸು, ಹಿಂದೆ ಹೋಗು. ಎಂಟು ಗಂಟೆ ಇದೇ. ಕೈ ಸುಟ್ಟುಕೊಂಡದ್ದಕ್ಕೆ ಅವನು ಅಷ್ಟಾಗಿ ನೊಂದುಕೊಳ್ಳಲಿಲ್ಲ. ಇಡೀ ದಿನದಲ್ಲಿ ಒಬ್ಬರಾದರೂ "ಅಣ್ಣಾ, ಏನಾದ್ರೂ ಮಾಡಿ" ಎನ್ನುವುದಿಲ್ಲವಲ್ಲ, ಅದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಇಲ್ಲಿಗೆ ಬಂದ ಏಳನೆಯ ತಿಂಗಳಲ್ಲಿ ಅವಳಿಗೆ ಮುಟ್ಟು ನಿಂತಿತು. ಮದುವೆಯಾಗಿ ಒಂಬತ್ತು ವರ್ಷ, ಹಿಂದೆ ಎರಡು ಸಲ ಬಸಿರು ಉಳಿದಿರಲಿಲ್ಲ. ಈ ಸಲ ವಾಂತಿ ಅಂದರೆ ವಾಂತಿ, ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲದು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬರುವುದರಲ್ಲೇ ಸುಸ್ತು. ಕಾಲೇಜಿಗೆ ಹೋಗುವ ಮಾತೆಲ್ಲಿ? ನೂರಕ್ಕೆ ಎಂಬತ್ತು ಹಾಜರಿ ಇಲ್ಲದಿದ್ದರೆ ಸೀಟು ಹೋಯಿತು, ಸೀಟು ಹೋದರೆ ವೀಸಾ ಹೋಯಿತು. ಇದು ಇಬ್ಬರಿಗೂ ಬಾಯಿಪಾಠವಾಗಿತ್ತು.

ಅವಳು ಮಲಗಿದಲ್ಲೇ ಒಂದು ಅರ್ಜಿ ಬರೆದಳು. ಡಾಕ್ಟರು ಕೊಟ್ಟ ಚೀಟಿಯನ್ನು ಅದಕ್ಕೆ ಪಿನ್ನು ಮಾಡಿದಳು. "ರೀ, ಚೀಟಿಯ ಅಸಲು ಪ್ರತೀನೇ ಬೇಕಂತೆ. ಕೆಲಸಕ್ಕೆ ಹೋಗೋ ದಾರೀಲಿ ಆಫೀಸಲ್ಲಿ ಕೊಟ್ಟು ಹೋಗಿ. ನನ್ನ ಕಾರ್ಡನ್ನೂ ತಗೊಳ್ಳಿ, ನಂಬರ್ ಕೇಳ್ತಾರೆ."

ಅವನು ಚಪ್ಪಲಿ ಮೆಟ್ಟುವಾಗಲೇ ಅವನ ಅಮ್ಮನ ಫೋನು. "ಮೂರು ತಿಂಗಳು ತುಂಬೋ ತನಕ ಯಾರ ಹತ್ರಾನೂ ಬಾಯಿ ಬಿಡಬೇಡಿ ಕಣಪ್ಪ. ಹಿಂದೆ ಎರಡು ಸಲಾನೂ ಊರಿಗೆಲ್ಲ ಹೇಳ್ಕೊಂಡು ಬಂದ್ರಿ. ಏನಾಯ್ತು? ಕೆಟ್ಟ ಕಣ್ಣು ಯಾರದು ಅಂತ ಹೇಗೆ ಗೊತ್ತಾಗುತ್ತೆ?"

ಕಾಲೇಜಿನ ಆಫೀಸಿನ ಕಿಟಕಿಯ ಮುಂದೆ ಆರೇಳು ಜನ ನಿಂತಿದ್ದರು. ಒಳಗಿದ್ದ ಹುಡುಗಿ ಒಬ್ಬರ ಕಾಗದವನ್ನು ಓದಿ ಪಕ್ಕದವಳಿಗೆ ಕೊಟ್ಟಳು, ಆಕೆ ಹಿಂದಿನವರಿಗೆ ಕೊಟ್ಟಳು. ಗುಮಾಸ್ತನಿಗೆ ಗುಮಾಸ್ತರ ಬುದ್ಧಿ ಗೊತ್ತಿರುವುದಿಲ್ಲವೇ? ಈ ಅರ್ಜಿ ಆ ಕಿಟಕಿ ದಾಟಿದರೆ ಮಧ್ಯಾಹ್ನದೊಳಗೆ ಕಟ್ಟಡಕ್ಕೆಲ್ಲ ಸುದ್ದಿ. ಅವನು ಅರ್ಜಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ತರಗತಿಯ ಬಾಗಿಲಿನ ಪಕ್ಕದ ಗೋಡೆಯಲ್ಲಿ ಹಾಜರಿಯ ಯಂತ್ರವಿತ್ತು. ಹುಡುಗರು ಸಾಲಾಗಿ ಕಾರ್ಡು ತೋರಿಸಿ ಒಳಗೆ ಹೋಗುತ್ತಿದ್ದರು. ಇವನೂ ಸಾಲಿಗೆ ಸೇರಿ ಅವಳ ಕಾರ್ಡು ತೋರಿಸಿದ. ಹಸಿರು ದೀಪ ಹತ್ತಿತು. ಇಷ್ಟೇನಾ! ಎಷ್ಟೋ ತಿಂಗಳ ಮೇಲೆ ಅವನಿಗೆ ತಾನು ಯಾರು ಎಂಬುದು ನೆನಪಾಯಿತು. ಅಯ್ಯೋ ಪುಣ್ಯಾತ್ಮ, ಅಲ್ಲಿಂದಲೇ ತಿರುಗಿ ಆ ಕಿಟಕಿಗೆ ಹೋಗಬಾರದಿತ್ತೇ? ಹೋಗಲಿಲ್ಲ.

"ಕೊಟ್ರಾ?" ಸಂಜೆ ಅವಳು ಕೇಳಿದಳು.

"ಕೊಟ್ಟೆ ಕಣೇ. ಎಲ್ಲ ಆಯ್ತು, ನೀನು ಮಲ್ಕೋ."

ಐದು ವಾರ ಅವನು ಬೆಳಗ್ಗೆ ಬೇಗ ಹೊರಟು, ಕಾಲೇಜಿಗೆ ಹೋಗಿ ಕಾರ್ಡು ತೋರಿಸಿ, ಅಲ್ಲಿಂದ ಓಡಿ ಬಸ್ಸು ಹಿಡಿದ. ಒಂದು ದಿನವೂ ತಪ್ಪಿಸಲಿಲ್ಲ. ಅಷ್ಟು ನಿಯತ್ತಾಗಿ ಓದುವವರು ಕೂಡ ಕಾಲೇಜಿಗೆ ಹೋಗಿರಲಿಕ್ಕಿಲ್ಲ. ನಡುವೆ ಒಮ್ಮೆ ಅವಳು ಫೋನಿನಲ್ಲಿ ಹಾಜರಿ ನೋಡಿ, "ಇದೇನ್ರೀ, ಎಲ್ಲ ದಿನಾನೂ ಹಾಜರು ಅಂತ ತೋರಿಸ್ತಿದೆ?" ಎಂದಳು.

"ರಜೆ ಮಂಜೂರಾದ್ರೆ ಹಾಗೇ ತೋರಿಸೋದು. ಹದಿಮೂರು ವರ್ಷ ಇದೇ ಕೆಲಸ ಮಾಡಿದೀನಿ, ನನಗೆ ಗೊತ್ತಿಲ್ವಾ?"

ಅವಳು ನಂಬಿದಳು. ಗಂಡನ ಮಾತನ್ನು ನಂಬುವುದಕ್ಕೆ ದೊಡ್ಡ ಬುದ್ಧಿಯೇನೂ ಬೇಡ.

ಮೂರು ತಿಂಗಳು ತುಂಬಿತು, ವಾಂತಿ ನಿಂತಿತು. ಅವಳು ಮುಖ ತೊಳೆದು, ಜಡೆ ಹಾಕಿಕೊಂಡು ಕಾಲೇಜಿಗೆ ಹೋದ ವಾರವೇ ನೋಟಿಸು ಬಂತು. ವಿಚಾರಣೆಗೆ ಬರಬೇಕು, ಬೇಕಿದ್ದರೆ ಮನೆಯವರನ್ನು ಕರೆತರಬಹುದು ಎಂದಿತ್ತು. "ಏನೋ ಕಾಗದ ಆಚೀಚೆ ಆಗಿರ್ಬೇಕು. ಬನ್ನಿ, ನೀವೇ ತಾನೇ ಕೊಟ್ಟಿದ್ದು" ಎಂದು ಅವಳು ಅವನನ್ನು ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಹೇಳಿಬಿಡಬೇಕೆಂದು ಅವನ ಬಾಯಿಗೆ ಬಂದದ್ದು ಬಾಯಲ್ಲೇ ಉಳಿಯಿತು.

ಮೇಜಿನ ಆಚೆ ಮೂವರಿದ್ದರು. ನಡುವೆ ಕೂತ ವಯಸ್ಸಾದ ಹೆಂಗಸು ಕಾಲೇಜಿನ ಮುಖ್ಯಸ್ಥೆ. ಗದರಿಸುವ ಪೈಕಿಯಲ್ಲ, ಇವರಿಗೆ ಅರ್ಥವಾಗಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದರು. ರೋಗಿಯನ್ನು ಹಾಸಿಗೆಯಿಂದ ಎತ್ತುವ ಅಭ್ಯಾಸ ಇಬ್ಬಿಬ್ಬರು ಸೇರಿ ಮಾಡಬೇಕಾದದ್ದು. ಇವಳ ಜೊತೆಗಾತಿ ಐದು ವಾರ, ರೋಗಿಯ ಬದಲು ಮಲಗಿಸಿಡುವ ಬೊಂಬೆಯನ್ನು ಬೇರೆಯವರ ಜೊತೆ ಎತ್ತಿದ್ದಾಳೆ. ಕಾರ್ಡು ನೋಡಿದರೆ ಇವಳು ಹಾಜರು. ಇದು ಹೇಗೆ?

"ನಾನು ಬಂದಿಲ್ಲ ಮೇಡಂ, ರಜೆಯಲ್ಲಿದ್ದೆ" ಎಂದಳು ಅವಳು, ಸ್ವಲ್ಪವೂ ಅಳುಕದೆ. "ಅರ್ಜಿ, ಡಾಕ್ಟರ ಚೀಟಿ ಎರಡನ್ನೂ ಕಳಿಸಿದ್ದೆ. ನಮ್ಮನೆಯವರೇ ತಂದು ಕೊಟ್ಟರು."

ಅವರು ಫೈಲು ತಿರುವಿ ಹಾಕಿದರು. ಅಂಥ ಕಾಗದ ಇರಲಿಲ್ಲ.

ಅವಳು ಇವನ ಕಡೆ ತಿರುಗಿ ಕನ್ನಡದಲ್ಲಿ, "ಹೇಳ್ರೀ, ಯಾರ ಕೈಲಿ ಕೊಟ್ರಿ?" ಎಂದಳು.

"ಕೊಡ್ಲಿಲ್ಲ ಕಣೇ."

"ಅಂದ್ರೆ?"

"ಕಾರ್ಡು ನಾನೇ ತೋರಿಸ್ತಿದ್ದೆ. ದಿನಾ."

ಆಮೇಲೆ ಅದನ್ನೆಲ್ಲ ಅವಳೇ ಅವರ ಭಾಷೆಗೆ ತಿರುಗಿಸಿ ಹೇಳಬೇಕಾಯಿತು, ಬೇರೆ ಯಾರಿದ್ದರು?

ಮುಖ್ಯಸ್ಥೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಬಸುರಿಯರ ರಜೆಗೆ ನಮ್ಮಲ್ಲಿ ಬೇರೆ ಅರ್ಜಿಯೇ ಇದೆ. ಈ ವರ್ಷ ನಾಲ್ಕು ಜನ ತಗೊಂಡಿದ್ದಾರೆ. ಪಾಠವನ್ನೂ ಮನೆಗೇ ಕಳಿಸ್ತೀವಿ. ಹೇಳಿದ್ರೆ ಸಾಕಿತ್ತು." ಈಗ ಎರಡೇ ದಾರಿ. ಹೆಂಡತಿಗೆ ಗೊತ್ತಿತ್ತು ಎಂದಾದರೆ ಅವಳ ಸೀಟು ರದ್ದು. ಗೊತ್ತಿರಲಿಲ್ಲ ಎಂದು ಅವಳು ಬರೆದುಕೊಟ್ಟರೆ ಅವಳ ಓದು ಉಳಿಯುತ್ತದೆ, ಆದರೆ ದೂರು ಅವನ ಮೇಲೆ ವೀಸಾ ಕಚೇರಿಗೆ ಹೋಗುತ್ತದೆ. ಇಪ್ಪತ್ತೊಂದು ದಿನದಲ್ಲಿ ಅವನು ದೇಶ ಬಿಡಬೇಕು, ಐದು ವರ್ಷ ಈ ಕಡೆ ತಲೆ ಹಾಕುವಂತಿಲ್ಲ. ಯೋಚಿಸಲು ಹತ್ತು ನಿಮಿಷ ಕೊಟ್ಟು ಹೊರಗೆ ಕಳಿಸಿದರು.

ಹೊರಗೆ ಬೆಂಚಿನ ಮೇಲೆ ಕೂತು ಅವನು ಕೈ ಹೊಸಕಿಕೊಂಡ. "ತಡಿ, ಆ ಮೇಡಂ ಒಳ್ಳೆಯವರ ಹಾಗೆ ಕಾಣ್ತಾರೆ. ನಾನು ಒಬ್ಬನೇ ಹೋಗಿ ಮಾತಾಡ್ತೀನಿ. ಏನೋ ಒಂದು..."

"ನೀವು ಇನ್ನೇನೂ ಮಾಡಬೇಡಿ." ಅವಳ ದನಿ ಏರಲೂ ಇಲ್ಲ. "ಎರಡು ಸಲ ಕಳ್ಕೊಂಡವಳು ನಾನು. ನಿಮಗಿಂತ ಹೆಚ್ಚು ಹೆದರಿದವಳು ನಾನು. ಹೆದರಿಕೆ ಇದ್ರೂ ಹೇಳ್ಬೇಕು ಅಂತ ಬರೆದೆ. ನಾನು ಹೇಳಿದ್ದನ್ನ ಅವರು ಕೇಳ್ತಾರೆ ಅಂತ ನಿಮಗೆ ಅನ್ನಿಸಲೇ ಇಲ್ವಾ?"

ಅವನಿಗೆ ನಿಜವಾಗಿಯೂ ಅನ್ನಿಸಿರಲಿಲ್ಲ. ಹದಿಮೂರು ವರ್ಷದಲ್ಲಿ ನೇರವಾಗಿ ಕೇಳಿ ಪಡೆದವರನ್ನು ಅವನು ಒಬ್ಬರನ್ನೂ ಕಂಡಿರಲಿಲ್ಲ. "ಸಹಿ ಹಾಕಿಬಿಡು" ಎಂದ. ಅವಳು ಎದ್ದು ಒಳಗೆ ಹೋದಳು. ಬರೆದುಕೊಡುವುದಕ್ಕೆ ಸುಳ್ಳೇನೂ ಸೇರಿಸಬೇಕಾಗಿರಲಿಲ್ಲ.

ಉಳಿದ ದಿನಗಳಲ್ಲಿ ಜಗಳವೂ ಇಲ್ಲ, ಮಾತೂ ಇಲ್ಲ. ಅವನು ಅಡುಗೆ ಮಾಡಿಟ್ಟರೆ ಉಂಡಳು. ಅವಳೊಬ್ಬಳಿಗೆ ಸಾಕಾಗುವ ಚಿಕ್ಕ ಬಾಡಿಗೆ ಕೋಣೆ ಹುಡುಕಿಕೊಟ್ಟರೆ ಹೋಗಿ ನೋಡಿ ಬಂದಳು. ಹೊರಡಲು ಮೂರು ದಿನವಿದೆ ಎನ್ನುವಾಗ ಅವನ ಅಮ್ಮ ಫೋನು ಮಾಡಿದರು. ಸೊಸೆಗೆ ಐದನೇ ತಿಂಗಳು ಹತ್ತಿರ ಬಂತೆಂದು ಸಡಗರವೋ ಸಡಗರ. ಮಗ ಊರಿಗೆ ಬರುತ್ತಾನೆಂದು ಕೇಳಿ, "ಬಸುರಿ ಹೆಂಡ್ತೀನ ಬಿಟ್ಟು ಈಗ ಯಾಕೋ?" ಎಂದರು.

ಅವನು ಮೇಜಿನ ಕಡೆ ನೋಡಿದ. ಅವಳು ತಲೆ ಬಗ್ಗಿಸಿ ಓದುತ್ತಿದ್ದಳು. "ರಜೆ ಸಿಕ್ಕಿದೆ ಕಣಮ್ಮ. ಸುಮ್ನೆ ನಿನ್ನ ನೋಡ್ಕೊಂಡು ಬರೋಣ ಅಂತ" ಎಂದ. ಅದೇನು ಸರಾಗವಾಗಿ ಬಂತು ಅವನ ಬಾಯಲ್ಲಿ!

ಅವಳು ಎದ್ದು ಬಂದು ಅವನ ಕೈಯಿಂದ ಫೋನು ತೆಗೆದುಕೊಂಡಳು. "ಅತ್ತೆ, ಅವರನ್ನ ಇಲ್ಲಿಂದ ಕಳಿಸ್ತಿದಾರೆ. ಐದು ವರ್ಷ ವಾಪಸ್ ಬರೋ ಹಾಗಿಲ್ಲ. ಹೆರಿಗೆ ಇಲ್ಲೇ, ನಾನೊಬ್ಬಳೇ ಇರ್ತೀನಿ. ಯಾಕೆ ಅಂತ ಅವರನ್ನೇ ಕೇಳಿ, ಮುಂದೆ ಕೂರಿಸ್ಕೊಂಡು ಕೇಳಿ."

ಅವಳು ಫೋನನ್ನು ಅವನ ಕೈಗೆ ವಾಪಸು ಕೊಟ್ಟು, ಕುರ್ಚಿ ಎಳೆದುಕೊಂಡು ಪುಸ್ತಕದ ಮುಂದೆ ಕೂತಳು. ಮರುದಿನ ಮೊದಲ ವರ್ಷದ ಪರೀಕ್ಷೆ ಶುರುವಾಗುವುದಿತ್ತು.