ಒಂದೂವರೆ ಸುತ್ತು

ನನ್ನ ಅಕ್ಕನ ಎತ್ತರ ನಾಲ್ಕಡಿ ಏಳಿಂಚು. ಇದನ್ನು ಅವಳೇ ಹೇಳಿದರೆ ತಮಾಷೆ, ನಾನು ಹೇಳಿದರೆ ಜಗಳ. ಅಂಗಡಿಯಲ್ಲಿ ಸಿಗುವ ಯಾವ ಸ್ಕೂಟರಿನ ಮೇಲೆ ಕೂತರೂ ಅವಳ ಕಾಲು ನೆಲಕ್ಕೆ ಎಟಕುವುದಿಲ್ಲ. ಮೂರು ಸಲ ಕಲಿಯಲು ಹೊರಟು ಮೂರು ಸಲವೂ ಬಿದ್ದಳು. ಮೂರನೆಯ ಸಲ ಬಿದ್ದದ್ದು ಬ್ರೆಡ್ ಅಂಗಡಿಯ ಎದುರು, ಬೀದಿಗೆ ಬೀದಿಯೇ ನೋಡುತ್ತಿರುವಾಗ. ಎದ್ದವಳು ಬಟ್ಟೆ ಕೊಡವಿಕೊಂಡು ಸ್ಕೂಟರಿಗೆ ಬೈದಳು, ಆಮೇಲೆ ನನಗೆ ಬೈದಳು.

ಭಾವ ತೀರಿಕೊಂಡ ಮೇಲೆ ಅವಳು ನನ್ನ ಮನೆಗೆ ಬಂದಳು. ಒಂದು ವಾರದಲ್ಲಿ ಅದು ಅವಳ ಮನೆಯಾಯಿತು, ನಾನು ಅಲ್ಲಿದ್ದೇನೆ ಅಷ್ಟೆ. ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ದಿಬ್ಬದ ಮೇಲಿನ ಹೊಲಿಗೆ ಕಾರ್ಖಾನೆಗೆ ಬಿಡುವುದು ನನ್ನ ಪಾಲಿನ ಕೆಲಸ. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಕಾರ್ಖಾನೆ ಅದು. ಅಕ್ಕ ಅಂಗಿಯ ಗುಂಡಿಗೆ ಕಾಜಾ ಹೊಲಿಯುವ ಯಂತ್ರದವಳು. ನಾನು ನೀರೆತ್ತುವ ಪಂಪು ರಿಪೇರಿ ಮಾಡುವವನು. ಕೈಕೆಲಸದಲ್ಲಿ ನನ್ನ ಕಡೆ ಯಾರೂ ಬೆರಳು ಮಾಡುವಂತಿಲ್ಲ, ಹೊತ್ತಿನ ವಿಷಯದಲ್ಲಿ ಮಾತ್ರ ನಾನು ಶುದ್ಧ ನಾಲಾಯಕ್ಕು. ಆರಕ್ಕೆ ಎಂದರೆ ಆರೂಮುಕ್ಕಾಲಿಗೆ ಹಲ್ಲುಜ್ಜುತ್ತಿರುತ್ತೇನೆ.

ಈ ವರ್ಷ ಕಾರ್ಖಾನೆಯ ಯಜಮಾನಿ ಅಕ್ಕನನ್ನು ಕರೆದು, ಇನ್ನು ಆರು ವಾರ ಕಳೆದ ಮೇಲೆ ಬೀಗದ ಕೈ ನಿಮ್ಮದು ಎಂದರು. ಅಲ್ಲಿ ಬೀಗದ ಕೈ ಯಾರ ಹತ್ತಿರ ಇರುತ್ತದೋ ಅವರೇ ಮೇಸ್ತ್ರಿ. ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆಯಬೇಕು, ಹದಿನೆಂಟು ಯಂತ್ರಗಳಿಗೆ ಕೆಲಸ ಹಂಚಬೇಕು. ಇಪ್ಪತ್ತೆರಡು ವರ್ಷ ಕಾಜಾ ಹೊಲಿದ ಅಕ್ಕ ಇದಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಯಜಮಾನಿಯ ಷರತ್ತು ಒಂದೇ. ಕೆಲಸದ ಹೆಂಗಸರು ಬಾಗಿಲ ಹೊರಗೆ ಕಾಯುತ್ತ ನಿಂತದ್ದು ಮೂರು ಸಲ ಕಂಡರೆ ಬೀಗದ ಕೈ ಅಲ್ಲಿನ ಇಸ್ತ್ರಿಯವನಿಗೆ ಹೋಗುತ್ತದೆ.

"ನಿನ್ನ ನಂಬ್ಕೊಂಡ್ರೆ ಮೂರು ದಿನದಲ್ಲಿ ಮುಗೀತು ನನ್ನ ಮೇಸ್ತ್ರಿಗಿರಿ," ಎಂದಳು ಅಕ್ಕ. "ನನ್ನ ಕಾಲಿಗೆ ಎಟಕೋ ಹಾಗೆ ಒಂದು ಗಾಡಿ ಮಾಡ್ಕೊಡು. ಪಂಪಿಗೆ ಜೀವ ಕೊಡ್ತೀಯಲ್ಲ, ಚಕ್ರಕ್ಕೂ ಕೊಡು."

ಅವಳೇ ಟೇಪು ತಂದು ಅಳತೆ ಕೊಟ್ಟಳು. ಸೀಟು ನೆಲದಿಂದ ಇಪ್ಪತ್ತು ಇಂಚು, ಒಂದು ನೂಲೂ ಹೆಚ್ಚಿರಕೂಡದು. ಹಳೆಯ ಕಬ್ಬಿಣದ ಮಂಚದ ಪೈಪುಗಳನ್ನು ಕತ್ತರಿಸಿ ಚೌಕಟ್ಟು ಮಾಡಿದೆ. ಗೋದಾಮಿನ ತಳ್ಳುಗಾಡಿಯ ಗಾಳಿಚಕ್ರ ಎರಡು, ಸೈಕಲ್ಲಿನ ಬ್ರೇಕು, ಗುಜರಿಯಲ್ಲಿ ಸಿಕ್ಕ ಚೈನು. ಇಂಜಿನ್ನು ಒಂದು ಸತ್ತ ಪಂಪಿನದು. ಹಿಡಿಕೆಗಳನ್ನು ಅಕ್ಕ ಮೂರು ಸಲ ಬಿಚ್ಚಿಸಿ ಮೂರು ಸಲ ಹಾಕಿಸಿದಳು. ನಾನು ಬೆಸುಗೆ ಹಾಕಿದ ಕಡೆಯೆಲ್ಲ ಬೆರಳಾಡಿಸಿ, "ಈ ಹೊಲಿಗೆ ವಕ್ರ," ಎಂದು ಮೂಗು ಮುರಿಯುತ್ತಿದ್ದಳು. ಅದು ಹೊಲಿಗೆಯಲ್ಲ, ಬೆಸುಗೆ ಎಂದರೆ, ವಕ್ರವಂತೂ ಹೌದಲ್ಲ ಎನ್ನುತ್ತಿದ್ದಳು.

ಇಂಜಿನ್ನು ಹದಕ್ಕೆ ಬರಲು ಎರಡು ವಾರ ಹಿಡಿಯಿತು. ಮೊದಲು ಪ್ಲಗ್ಗು ಮಸಿ ಹಿಡಿದು ಕರ್ರಗಾಯಿತು. ಪೆಟ್ರೋಲು ಹೆಚ್ಚಾಗಿದೆ ಎಂದು ಕಡಿಮೆ ಮಾಡಿದೆ. ಆಮೇಲೆ ಸುಣ್ಣದ ಹಾಗೆ ಬೆಳ್ಳಗಾಯಿತು, ಈಗ ಕಡಿಮೆಯಾಗಿದೆ ಎಂದು ಅರ್ಥ. ಕಾರ್ಬೊರೇಟರಿನ ಸ್ಕ್ರೂವನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸಿ, ಓಡಿಸಿ, ನಿಲ್ಲಿಸಿ, ಬಿಸಿ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ನೋಡಿ, ಹದಿನೇಳನೆಯ ಸಲಕ್ಕೆ ಬಿಸ್ಕತ್ತಿನ ಬಣ್ಣ ಕಂಡೆ. ಉಳಿದದ್ದು ಗವರ್ನರ್. ಪಂಪಿನ ಇಂಜಿನ್ನು ಒಂದು ಮಿತಿ ಮೀರಿ ತಿರುಗಬಾರದೆಂದು ಅದರಲ್ಲಿ ಒಂದು ತೋಳು, ಒಂದು ಸ್ಪ್ರಿಂಗು ಇರುತ್ತದೆ. ಸ್ಪ್ರಿಂಗಿನ ಸ್ಕ್ರೂ ಬಿಗಿ ಮಾಡಿದರೆ ಇಂಜಿನ್ನು ಜೋರು ತಿರುಗುತ್ತದೆ, ಸಡಿಲ ಮಾಡಿದರೆ ಮೆತ್ತಗಾಗುತ್ತದೆ. ಮೆತ್ತಗಾದರೆ ಕ್ಲಚ್ಚು ಪೂರ್ತಿ ಹಿಡಿಯುವುದಿಲ್ಲ. ಸಮತಟ್ಟಿನಲ್ಲಿ ಗಾಡಿ ಹೋಗುತ್ತದೆ, ಏರಿನಲ್ಲಿ ಕೈಕೊಡುತ್ತದೆ. ದಿಬ್ಬದ ಏರಿಗೆ ಎಷ್ಟು ಬೇಕೋ ಅಷ್ಟು ಬಿಗಿ ಮಾಡಿದೆ.

ಬೀಗದ ಕೈ ಬರುವ ಹಿಂದಿನ ದಿನ, ಭಾನುವಾರ, ದಿಬ್ಬದ ಬುಡದಲ್ಲಿ ಅಕ್ಕ ಗಾಡಿ ಹತ್ತಿದಳು. ಎರಡೂ ಪಾದ ನೆಲದ ಮೇಲೆ ಗಟ್ಟಿಯಾಗಿ ಊರಿದ್ದವು. ಪಕ್ಕದಲ್ಲಿ ಓಡುತ್ತ ಬರುತ್ತೇನೆ ಎಂದೆ. ಹತ್ತು ಹೆಜ್ಜೆ ಓಡಿದೆ, ಅಷ್ಟರಲ್ಲಿ ಅವಳು ತಿರುವು ದಾಟಿದ್ದಳು. ಇಂಜಿನ್ನಿನ ಸದ್ದು ಒಂದೇ ಸಮ ಮೇಲಕ್ಕೆ ಹೋಯಿತು, ಎಲ್ಲಿಯೂ ತಡವರಿಸಲಿಲ್ಲ. ಅವಳು ಒಂದು ಸಲವೂ ಹಿಂದಿರುಗಿ ನೋಡಲಿಲ್ಲ.

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಬಿದ್ದರೆ ಏನು ಗತಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ದಿನಾ ಬೆಳಿಗ್ಗೆ ಇಪ್ಪತ್ತು ನಿಮಿಷ ಹಿಂದೆ ಕೂತು, ನಾನು ತಡ ಮಾಡಿದ್ದಕ್ಕೆ, ಗುಂಡಿಗೆ ಇಳಿಸಿದ್ದಕ್ಕೆ, ಮದುವೆಯಾಗದೆ ಉಳಿದದ್ದಕ್ಕೆ ಅಕ್ಕ ಬೈಯುತ್ತ ಬರುತ್ತಾಳೆ. ಇಡೀ ದಿನದಲ್ಲಿ ನನ್ನ ಜೊತೆ ಯಾರಾದರೂ ಮಾತಾಡುವುದು ಅಷ್ಟೇ. ಉಳಿದ ಹೊತ್ತೆಲ್ಲ ಪಂಪು. ಆ ಸಂಜೆ ಶೆಡ್ಡಿಗೆ ಹೋಗಿ, ಎಣ್ಣೆಜಿಡ್ಡಿನ ನಡುವೆ ಬರೀ ಬೆರಳಿನ ಅಂದಾಜಿನಲ್ಲಿ ಗವರ್ನರಿನ ಸ್ಕ್ರೂ ಹುಡುಕಿ ಒಂದೂವರೆ ಸುತ್ತು ಸಡಿಲ ಮಾಡಿದೆ. ಗಾಡಿ ಏರು ಹತ್ತದಿದ್ದರೆ ಅವಳು ಮತ್ತೆ ನನ್ನ ಸ್ಕೂಟರಿಗೇ ಬರುತ್ತಾಳೆ. ನಾನು ಐದಕ್ಕೇ ಎದ್ದು ಹೊತ್ತಿಗೆ ಸರಿಯಾಗಿ ಬಿಡುತ್ತೇನೆ. ಬೀಗದ ಕೈಯೂ ಉಳಿಯುತ್ತದೆ. ಲೆಕ್ಕ ಚೆನ್ನಾಗಿಯೇ ಇತ್ತು.

ಸೋಮವಾರ ಆರೂಕಾಲಿಗೆ ಫೋನು ಬಂತು. ಏರಿನ ಅರ್ಧದಲ್ಲಿ ಗಾಡಿ ನಿಂತಿದೆ, ಸುಟ್ಟ ವಾಸನೆ ಬರುತ್ತಿದೆ ಎಂದಳು. ಹುಟ್ಟಿದಂದಿನಿಂದ ಹೊತ್ತಿಗೆ ತಯಾರಾಗದವನು ಆ ದಿನ ಬೂಟು ಹಾಕಿಕೊಂಡು ಫೋನಿನ ಮುಂದೆಯೇ ಕೂತಿದ್ದೆ. ಆದರೂ ನಾನು ಹೋಗಿ, ಗಾಡಿಯನ್ನು ಪಕ್ಕಕ್ಕಿಟ್ಟು, ಅವಳನ್ನು ಮೇಲೆ ತಲುಪಿಸುವಾಗ ಆರೂ ನಲವತ್ತು. ಹೆಂಗಸರು ಬಾಗಿಲ ಹೊರಗೆ ನಿಂತಿದ್ದರು.

ಸಂಜೆ ನಾನು ದೊಡ್ಡ ನಾಟಕವನ್ನೇ ಆಡಿದೆ. ಪ್ಲಗ್ಗು ಬಿಚ್ಚಿದೆ, ಕಾರ್ಬೊರೇಟರ್ ತೊಳೆದೆ, ಗಾಳಿ ಊದಿದೆ. ಗವರ್ನರ್ ಒಂದನ್ನು ಬಿಟ್ಟು ಎಲ್ಲವನ್ನೂ ಮುಟ್ಟಿದೆ. ಅಕ್ಕ ಹೊಲಿಗೆಯ ಸ್ಟೂಲು ತಂದು ಎದುರಿಗೆ ಕೂತು ನೋಡಿದಳು.

"ಸರಿ ಮಾಡಿದ್ಯಾ?"

"ಹೂಂ. ಸರಿಯಾಯ್ತು."

"ಖಂಡಿತ?"

"ಖಂಡಿತ ಅಕ್ಕ. ಆದ್ರೂ ಯಾಕೆ ಒದ್ದಾಟ? ನಾಳೆಯಿಂದ ನಾನೇ ಐದಕ್ಕೆ ಏಳ್ತೀನಿ, ನಾನೇ ಬಿಡ್ತೀನಿ."

"ಸರಿ ಮಾಡಿದೀನಿ ಅಂದ್ಯಲ್ಲ, ಮತ್ಯಾಕೆ?" ಎಂದು ಎದ್ದು ಹೋದಳು.

ಮಂಗಳವಾರ ಫೋನು ಬರಲಿಲ್ಲ. ಗಾಡಿ ಅದೇ ಜಾಗದಲ್ಲಿ ನಿಂತಿತ್ತು. ನಲವತ್ತು ಕಿಲೋದ ಗಾಡಿಯನ್ನು ಉಳಿದರ್ಧ ಏರು ತಾನೇ ತಳ್ಳಿಕೊಂಡು ಹೋಗಿದ್ದಳು. ಹದಿನೈದು ನಿಮಿಷ ತಡ. ಸಂಜೆ ಮತ್ತೆ ಅದೇ ಪ್ರಶ್ನೆ ಕೇಳಿದಳು, ನಾನು ಮತ್ತೆ ಅದೇ ಉತ್ತರ ಕೊಟ್ಟೆ. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅದನ್ನು ನೋಡಿಯೂ ನಾನು ಬಾಯಿ ಬಿಡಲಿಲ್ಲ.

ಬುಧವಾರ ಸ್ಕೂಟರಿನಲ್ಲಿ ಅವಳ ಹಿಂದೆಯೇ ಹೋದೆ. ಅರ್ಧದಲ್ಲಿ ಗಾಡಿ ಏದುಸಿರು ಬಿಟ್ಟು ನಿಂತಿತು. "ಹತ್ತಕ್ಕ, ಇನ್ನೂ ಹೊತ್ತಿದೆ," ಎಂದೆ. ಅಕ್ಕ ಇಳಿದು ಹಿಡಿಕೆ ಹಿಡಿದು ತಳ್ಳತೊಡಗಿದಳು. ನಾನು ಅವಳ ಪಕ್ಕದಲ್ಲೇ, ನಡಿಗೆಯ ವೇಗದಲ್ಲಿ, ಸ್ಕೂಟರಿನ ಮೇಲೆ ಕೂತೇ ಹೋದೆ. ಸ್ಕ್ರೂಡ್ರೈವರ್ ನನ್ನ ಜೇಬಿನಲ್ಲಿತ್ತು. ಅರ್ಧ ನಿಮಿಷದ ಕೆಲಸ. ಆದರೆ ಆಗ ತಿರುಗಿಸಿದರೆ ಎಲ್ಲ ಬಯಲಾಗುತ್ತಿತ್ತು. ತಿರುಗಿಸಲಿಲ್ಲ. ಆ ದಿನ ಬೀಗದ ಕೈ ಇಸ್ತ್ರಿಯವನಿಗೆ ಹೋಯಿತು.

ಸಂಜೆ ಅಕ್ಕ ಶೆಡ್ಡಿಗೆ ಬಂದಳು. ಮುಖದಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. ಗಾಡಿಯ ಎದುರು ಕೂತು, ಒಂದು ಚಿಂದಿಯಿಂದ ಗವರ್ನರಿನ ಸ್ಕ್ರೂವನ್ನು ಒರೆಸಿ, "ಬಂದು ನೋಡು," ಎಂದಳು.

ಸ್ಕ್ರೂವಿನ ತಲೆಯ ಮೇಲೆ ಕೆಂಪು ಉಗುರುಬಣ್ಣದ ಒಂದು ಗೆರೆ. ಅದರ ಪಕ್ಕದ ಕಬ್ಬಿಣದ ಮೇಲೂ ಒಂದು ಗೆರೆ. ಎರಡೂ ಸೇರಿ ಒಂದೇ ಗೆರೆಯಾಗಬೇಕಿತ್ತು. ಒಂದು ಉತ್ತರಕ್ಕೆ ಮುಖ ಮಾಡಿದರೆ ಇನ್ನೊಂದು ದಕ್ಷಿಣಕ್ಕಿತ್ತು.

"ನಮ್ಮಲ್ಲಿ ಎಲ್ಲರೂ ಹೀಗೇ ಮಾಡ್ತೀವಿ," ಎಂದಳು. "ಯಂತ್ರ ಚೆನ್ನಾಗಿ ಹೊಲಿಯೋ ದಿನ ದಾರ ಬಿಗಿ ಮಾಡೋ ಸ್ಕ್ರೂ ಮೇಲೆ ಒಂದು ಗೆರೆ ಎಳೆದಿಡ್ತೀವಿ. ರಜೆ ಮುಗಿಸಿ ಬಂದಾಗ ಬೇರೆ ಯಾರಾದ್ರೂ ಮುಟ್ಟಿದಾರಾ ಅಂತ ಗೊತ್ತಾಗುತ್ತೆ. ಭಾನುವಾರ ಇದು ಏರು ಹತ್ತಿತಲ್ಲ, ಮೇಲೇ ನಿಲ್ಲಿಸಿ ಎಲ್ಲ ಸ್ಕ್ರೂಗೂ ಎಳೆದಿದ್ದೆ."

"ಯಾವಾಗ ನೋಡ್ದೆ?"

"ಸೋಮವಾರ ಸಂಜೆ. ನೀನು ಕಾರ್ಬೊರೇಟರ್ ತೊಳೀತಾ ಇದ್ದಾಗ."

"ಮತ್ತೆ ಯಾಕೆ ಸುಮ್ನಿದ್ದೆ? ನೀನೇ ತಿರುಗಿಸ್ಕೊಂಡಿದ್ರೆ ಬೀಗದ ಕೈ ಉಳೀತಿತ್ತಲ್ಲ ಅಕ್ಕ!"

"ನೀನು ಹೇಳ್ತೀಯ ಅನ್ಕೊಂಡೆ ಕಣೋ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ. ಬೀಗದ ಕೈ ಇವತ್ತಲ್ಲ ನಾಳೆ ಸಿಗಬಹುದು. ಒಂಬತ್ತು ವರ್ಷ ಒಂದೇ ಮನೇಲಿ ಉಂಡಿದೀವಿ."

ಅಷ್ಟು ಹೇಳಿ ನನ್ನ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಗೆರೆಗೆ ಗೆರೆ ಕೂಡುವ ತನಕ ತಿರುಗಿಸಿದಳು. ಯಾಕೆ ಹಾಗೆ ಮಾಡಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ.

ಗುರುವಾರ ಅವಳ ಗಾಡಿ ಒಂದೇ ಉಸಿರಿಗೆ ಏರು ಹತ್ತಿತು. ಅರ್ಧ ಗಂಟೆ ಬಿಟ್ಟು ನಾನೂ ಹೋದೆ. ಯಜಮಾನಿ ಹೊರಗಿನ ಕೋಣೆಯಲ್ಲಿ ಅಂಗಿಗಳನ್ನು ಡಜನ್ನಿನ ಲೆಕ್ಕದಲ್ಲಿ ಕಟ್ಟಿಡುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಗಾಡಿ ಕೆಡಿಸಿದ್ದು ನಾನು, ಅವಳದು ಏನೂ ತಪ್ಪಿಲ್ಲ, ಬೀಗದ ಕೈ ಅವಳಿಗೇ ಕೊಡಿ ಎಂದೆ.

"ಇಸ್ತ್ರಿಯವನಿಗೆ ಮಾತು ಕೊಟ್ಟಾಗಿದೆ," ಎಂದರು ಅವರು. "ಅವನನ್ನೂ ಒಂದು ತಿಂಗಳು ನೋಡ್ಬೇಕು. ನೀವು ಮಾಡಿದ್ದು ನಿಮ್ಮಕ್ಕನಿಗೆ ಗೊತ್ತಾ?"

"ಸೋಮವಾರದಿಂದ ಗೊತ್ತು."

ಅವರ ಕೈ ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿನ್ನೆ ಅವ್ರು ಬೀಗದ ಕೈ ವಾಪಸ್ ಕೊಡುವಾಗ ನಾನೇ ಕೇಳಿದೆ. ನಿಮ್ಮ ತಮ್ಮ ಬೇಕು ಅಂತಾನೇ ಹೀಗೆ ಮಾಡ್ತಿಲ್ಲ ತಾನೇ ಅಂತ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ನನಗೆ ಎದುರು ಮಾತಾಡಿದವರಲ್ಲ. ನಿನ್ನೆ ನನ್ನ ಮೇಲೇ ರೇಗಿದ್ರು. ಅವನು ಹೊತ್ತಿಗೆ ಬರಲ್ಲ ನಿಜ, ಆದ್ರೆ ನನಗೆ ಯಾವತ್ತೂ ಸುಳ್ಳು ಹೇಳಿದವನಲ್ಲ, ಇನ್ನೊಂದು ಸಲ ಹಾಗಂದ್ರೆ ಕೆಲಸ ಬಿಟ್ಟು ಹೋಗ್ತೀನಿ ಅಂದ್ರು."

ಒಳಗೆ ಕಾಜಾ ಯಂತ್ರ ಓಡುತ್ತಿತ್ತು. ನನಗೆ ಅಳು ಬಂತು. ಯಜಮಾನಿ ಮುಖ ತಿರುಗಿಸಿಕೊಂಡು ಮತ್ತೆ ಮೊದಲಿನಿಂದ ಅಂಗಿ ಎಣಿಸತೊಡಗಿದರು.