ಅಕ್ರೋಟ್ ಮರದ ಹುಂಜ

ನಮ್ಮೂರಿನ ಬಡಗಿಗಳಲ್ಲಿ ಬೆರಳು ಕಡಿಮೆಯಾದಷ್ಟೂ ಮರ್ಯಾದೆ ಹೆಚ್ಚು. ಹತ್ತೂ ಬೆರಳಿರುವವನು ಸಾರಾಯಿ ಲೋಟ ಎತ್ತಿದರೆ, ಇವನಿನ್ನೂ ಕೆಲಸ ಕಲಿಯುತ್ತಿದ್ದಾನೆ ಎಂದು ನಗುತ್ತಾರೆ. ನನ್ನ ಗಂಡ ವಿದೋಸಾವ್ ಎಡಗೈಯ ಎರಡು ಬೆರಳು ಕೊಟ್ಟು ಈ ಮರ್ಯಾದೆ ಸಂಪಾದಿಸಿದವನು.

ಜೇನುಪೆಟ್ಟಿಗೆ ಮಾಡುವುದು ಅವನ ಕಸುಬು. ಕೊಟ್ಟಿಗೆಯಲ್ಲಿರುವ ಗರಗಸದ ಮೆಷಿನ್ನನ್ನೂ ಅವನೇ ಕಟ್ಟಿಕೊಂಡಿದ್ದಾನೆ. ಮೋಟಾರು ಹಳೆಯ ಮೇವು ಕತ್ತರಿಸುವ ಯಂತ್ರದ್ದು, ಮೇಜು ನನ್ನ ಅಡುಗೆಮನೆಯದು. ನಡುವೆ ಹಲ್ಲು ಕಿರಿದು ನಿಂತ ದುಂಡು ಬ್ಲೇಡು, ಅದಕ್ಕೆ ಮುಚ್ಚಳವಿಲ್ಲ. ಮುಚ್ಚಿದರೆ ಕಾಣಿಸುವುದಿಲ್ಲವಂತೆ. ಚೆನ್ನಾಗಿ ಕಾಣಿಸುತ್ತಿದ್ದಾಗಲೇ ಎರಡು ಬೆರಳು ಹೋದವು.

ಈ ಸೆಪ್ಟೆಂಬರಿನಲ್ಲಿ ತೆಳು ಪಟ್ಟಿ ಸೀಳುವಾಗ ಬ್ಲೇಡು ಅವನ ಹೆಬ್ಬೆರಳಿನ ಉಗುರನ್ನು ಸವರಿಕೊಂಡು ಹೋಯಿತು. ಅದನ್ನು ಪಕ್ಕದ ಮನೆಯ ಬಡಗಿ, ಅರ್ಧಕ್ಕರ್ಧ ಬೆರಳು ಕಳೆದುಕೊಂಡ ಮಿಲಿಸಾವ್‌ಗೆ ತೋರಿಸಿಕೊಂಡು ನಕ್ಕ. ನನ್ನ ಮೈ ಉರಿಯಿತು.

"ಹೆಬ್ಬೆರಳು ಹೋದ ಮೇಲೆ ನಿನ್ನ ಚಡ್ಡಿ ಗುಂಡಿ ಹಾಕೋಕೆ ನನ್ನ ಕರೀಬೇಡ. ಹಲಗೆ ತಳ್ಳೋಕೆ ಒಂದು ಕೋಲು ಮಾಡ್ಕೊಳಯ್ಯಾ. ತುದೀಲೊಂದು ಕಚ್ಚು ಇದ್ರೆ ಸಾಕು. ಬ್ಲೇಡು ಕಚ್ಚೋದಾದ್ರೆ ಕೋಲನ್ನ ಕಚ್ಚಲಿ."

"ಆಯ್ತು ಮಾರಾಯ್ತಿ, ಬಾಯಿ ಮುಚ್ಚು, ಮಾಡ್ತೀನಿ."

ಮಾಡಿದ. ಒಲೆಗೆ ಹಾಕುವ ಹಲಗೆಚೂರು ಸಾಕಾಗಿತ್ತು, ಆದರೆ ಈ ಮಹಾನುಭಾವ ಅವರಪ್ಪ ನೆಟ್ಟ ಅಕ್ರೋಟ್ ಮರದ ತುಂಡನ್ನು ಅಟ್ಟದಿಂದ ಇಳಿಸಿದ. ಅಕ್ಟೋಬರ್ ಪೂರ್ತಿ ಕೆತ್ತಿದ. ಹಿಡಿಯುವ ಕಡೆ ಹುಂಜದ ಬಾಲ, ಮುಂದೆ ತಲೆ, ಜುಟ್ಟು, ತೆರೆದ ಕೊಕ್ಕು. ಹಲಗೆಯ ಅಂಚು ಆ ಕೊಕ್ಕಿನೊಳಗೆ ಕೂರಬೇಕು. ಜೇನುಮೇಣ ಹಚ್ಚಿ ಉಜ್ಜಿದ ಮೇಲೆ ಹುಂಜ ಈಗ ಕೂಗುತ್ತದೆ ಅನ್ನುವ ಹಾಗಿತ್ತು. ಅಷ್ಟು ದಿನವೂ ಪಟ್ಟಿಗಳನ್ನು ಬೆರಳಿನಲ್ಲೇ ತಳ್ಳಿದ.

ಹುಂಜ ಮುಗಿದ ದಿನ ಮೆಷಿನ್ ಹಾಕಿದ. ಕೊಕ್ಕನ್ನು ಬ್ಲೇಡಿನ ಹತ್ತಿರ ತಂದ. ಮೆಷಿನ್ ಆರಿಸಿ ಹುಂಜವನ್ನು ಮೊಳೆಗೆ ನೇತುಹಾಕಿದ.

"ಏನಾಯ್ತು?"

"ಬ್ಲೇಡು ತಾಗಿದ್ರೆ ಕೊಕ್ಕು ಹಾಳಾಗುತ್ತೆ ಕಣೆ."

"ಹಾಳಾಗಲಿ ಅಂತಲೇ ಅಲ್ವೇನಯ್ಯಾ ಅದನ್ನ ಮಾಡಿದ್ದು?"

"ಬೆರಳಾದ್ರೆ ಗಾಯ ಮಾಯುತ್ತೆ. ಕೊಕ್ಕು ಮಾಯುತ್ತಾ?"

ಇಂಥವನ ಜೊತೆ ನಾನು ಸಂಸಾರ ಮಾಡುತ್ತಿದ್ದೇನೆ.

ನಮ್ಮ ಮನೆತನ ಕಾಯುವ ಮನೆಸಂತ ದಿಮಿತ್ರಿಯ ಹಬ್ಬಕ್ಕೆ ಮುಂಚೆ ಪಾದ್ರಿಗಳು ಮನೆಗೆ ತೀರ್ಥ ಚಿಮುಕಿಸಲು ಬಂದರು. ಕಾಮಕಸ್ತೂರಿ ಕುಚ್ಚು ಹಿಡಿದು ಕೊಟ್ಟಿಗೆ, ಗರಗಸ ಎಲ್ಲ ಸುತ್ತಿದರು. ಹುಂಜ ಕಣ್ಣಿಗೆ ಬಿತ್ತು.

"ಇದೇನಪ್ಪಾ ವಿದೋಸಾವ್, ಇಷ್ಟು ಚೆಂದ?"

"ಬೆರಳು ಕಾಯೋದು ಗುರುಗಳೇ."

ಪಾದ್ರಿಗಳಿಗೆ ಖುಷಿಯಾಗಿ ಅದರ ತಲೆಯ ಮೇಲೂ ಧಾರಾಳವಾಗಿ ಚಿಮುಕಿಸಿದರು. ಅಲ್ಲಿಗೆ ಮುಗಿಯಿತು. ತೀರ್ಥ ಬಿದ್ದದ್ದನ್ನು ಗರಗಸಕ್ಕೆ ಕೊಡುತ್ತಾರೆಯೇ? ಹುಂಜ ಮನೆಯೊಳಗೆ ಬಂದು ಸಂತನ ಪಟದ ಕೆಳಗೆ, ದೀಪದ ಪಕ್ಕ ಕೂತಿತು. ಕಾವಲು ಸಿಕ್ಕಿತೆಂಬ ಧೈರ್ಯದಲ್ಲಿ ನನ್ನ ಗಂಡನ ಹೆಬ್ಬೆರಳು ಬ್ಲೇಡಿಗೆ ಇನ್ನಷ್ಟು ಹತ್ತಿರವಾಯಿತು.

ಹಬ್ಬದ ದಿನ ಊರಿನ ಬಡಗಿಗಳೆಲ್ಲ ಬಂದರು. ರೊಟ್ಟಿ ಮುರಿದದ್ದಾಯಿತು, ಹಂದಿಮಾಂಸ ಖಾಲಿಯಾಯಿತು, ಪ್ಲಮ್ ಸಾರಾಯಿ ಇಳಿಯಿತು. ಎಲ್ಲರ ಕಣ್ಣೂ ಹುಂಜದ ಮೇಲೆ.

"ಅತ್ತಿಗೆ, ನನಗೂ ಒಂದು ಮಾಡಿಸಿಕೊಡು. ನನ್ನದಕ್ಕೆ ಟಗರಿನ ತಲೆ ಇರಲಿ," ಎಂದ ಮಿಲಿಸಾವ್.

"ನಿನಗ್ಯಾಕೋ ಕೋಲು? ನಿನ್ನಲ್ಲಿ ಕಾಯೋಕೆ ಉಳಿದಿರೋದಾದ್ರೂ ಏನು?" ಎಂದೆ.

ಎಲ್ಲರೂ ನಕ್ಕರು, ಮಿಲಿಸಾವ್ ಎಲ್ಲರಿಗಿಂತ ಜೋರಾಗಿ ನಕ್ಕ. ನನ್ನ ಗಂಡ ಎದ್ದು ನಿಂತ. "ಬನ್ರೋ, ಬರೀ ಕೈಯಲ್ಲಿ ಎಷ್ಟು ತೆಳ್ಳಗೆ ಸೀಳ್ತೀನಿ ತೋರಿಸ್ತೀನಿ."

ಮನೆಸಂತನ ಹಬ್ಬದ ದಿನ ಕೆಲಸ ಮುಟ್ಟುವುದು ಪಾಪ. ಕುಡಿದವರಿಗೆ ಅದು ನೆನಪಾಗಲಿಲ್ಲ. ಊಟಕ್ಕೆ ಕೂತಿದ್ದ ಪಾದ್ರಿಗಳೂ ತಟ್ಟೆ ಹಿಡಿದುಕೊಂಡೇ ಕೊಟ್ಟಿಗೆಗೆ ಹೋದರು. ಮೆಷಿನ್ ಗುರುಗುಟ್ಟುವ ಸದ್ದು ಕೇಳಿತು. ನಾನು ಸಂತನ ಮುಂದಿನಿಂದ ಹುಂಜವನ್ನು ಕಿತ್ತುಕೊಂಡು ಓಡಿದೆ.

ಹೆಬ್ಬೆರಳು ಬ್ಲೇಡಿನ ಪಕ್ಕದಲ್ಲೇ ಇತ್ತು, ಮುಖ ಮಾತ್ರ ಸ್ನೇಹಿತರ ಕಡೆ ತಿರುಗಿತ್ತು. ಮೊದಲು ಮೆಷಿನ್ ಆರಿಸಿದೆ. ಬ್ಲೇಡು ನಿಂತ ಮೇಲೆ ಗಂಡನನ್ನು ನನ್ನ ಸೊಂಟದಿಂದ ಗುದ್ದಿ ಆಚೆ ನೂಕಿದೆ. ಮತ್ತೆ ಮೆಷಿನ್ ಹಾಕಿ, ಪಟ್ಟಿಯ ಅಂಚನ್ನು ಕೊಕ್ಕಿಗೆ ಕೊಟ್ಟು ತಳ್ಳಿದೆ. ಪಟ್ಟಿ ಹಪ್ಪಳದಷ್ಟು ತೆಳ್ಳಗೆ, ನೆಟ್ಟಗೆ ಆಚೆ ಬಂತು. ಕೊಕ್ಕಿನ ಮೇಲಿನ ಅರ್ಧ ಹಾರಿ ಪಾದ್ರಿಗಳ ತಟ್ಟೆಗೆ ಬಿತ್ತು.

ಪಾದ್ರಿಗಳು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು.

"ಬೆರಳು ಕಾಯಲಿ ಅಂತ ತಾನೇ ಗುರುಗಳೇ ನೀವು ತೀರ್ಥ ಹಾಕಿದ್ದು? ಕಾಯ್ತು ನೋಡಿ," ಎಂದೆ.

"ಹಾಗೆ ನೋಡಿದ್ರೆ... ಸರಿಯೇ," ಎಂದು ಅವರು ಕೊಕ್ಕನ್ನು ತಟ್ಟೆಯಿಂದ ಎತ್ತಿಟ್ಟು ಊಟ ಮುಂದುವರಿಸಿದರು.

ಎರಡು ಬೆರಳು ಹೋದ ದಿನ ಒಂದು ಲೋಟ ಸಾರಾಯಿ ಕೇಳಿ ಸುಮ್ಮನಿದ್ದ ನನ್ನ ಗಂಡ, ಅರ್ಧ ಕೊಕ್ಕಿಗಾಗಿ ಮೂಗು ಒರೆಸಿಕೊಂಡು ಅತ್ತ. ಮಾರನೆಯ ದಿನ ಮೆಷಿನ್ ಹತ್ತಿರವೂ ಸುಳಿಯಲಿಲ್ಲ. ಆಮೇಲೆ, ಹೇಗೂ ಕೆಟ್ಟುಹೋಗಿದೆ ಎಂದು ಗೊಣಗುತ್ತಾ ಅದರಲ್ಲೇ ಪಟ್ಟಿ ತಳ್ಳಲು ಶುರುಮಾಡಿದ. ಈಗ ಜುಟ್ಟೂ ಹೋಗಿದೆ, ಒಂದು ಕಣ್ಣೂ ಹೋಗಿದೆ. ಅವನ ಗುಂಡಿ ಅವನೇ ಹಾಕಿಕೊಳ್ಳುತ್ತಿದ್ದಾನೆ.

ಕೆಲವು ವಾರದ ಹಿಂದೆ ಮಿಲಿಸಾವ್ ಮತ್ತೆ ಬಂದ.

"ಅತ್ತಿಗೆ, ಟಗರು ಬೇಡ. ನಿಮ್ಮದರ ಹಾಗೆ ಕೊಕ್ಕು ಹಾರಿಹೋದ ಹುಂಜವೇ ಬೇಕು. ಅದೇ ಕಾಯೋದು ಅಂತ ಊರೆಲ್ಲಾ ಹೇಳ್ತಿದೆ."

ನನ್ನ ಗಂಡ ಒಪ್ಪಿಕೊಂಡ. ಹೊಸ ಹುಂಜ ಮಾಡಿ, ಅದರ ಕೊಕ್ಕನ್ನು ಮುರಿದಂತೆಯೇ ಕಾಣುವ ಹಾಗೆ ಉಳಿಯಿಂದ ನಾಜೂಕಾಗಿ ಕೆತ್ತಿ, ಮೇಣ ಹಚ್ಚಿ ಕೊಟ್ಟ. ಮಿಲಿಸಾವ್ ಅದನ್ನು ತನ್ನ ಮೆಷಿನ್ನಿನ ನೆತ್ತಿಯ ಮೇಲೆ ನೇತುಹಾಕಿ, ಕೆಳಗೆ ನಿಂತು, ಉಳಿದ ಬೆರಳುಗಳಲ್ಲಿ ಹಲಗೆ ತಳ್ಳುತ್ತಿದ್ದಾನೆ.