ಸೋಮವಾರದ ಕರ್ಪೂರ

ಕೋರದಲ್ಲಿ ಕಲ್ಲಮ್ಮನವರ ಮೂಗನ್ನು ಯಾರೂ ನಂಬುತ್ತಿರಲಿಲ್ಲ. ಬೆಳಿಗ್ಗೆ ಹಾಲು ಕರೆಯಲು ಕೂತರೆ ತಿನ್ನರ್ ವಾಸನೆ ಬರುತ್ತದೆ, ಕಣ್ಣು ಉರಿಯುತ್ತದೆ ಎಂದು ಒಂದು ವರ್ಷದಿಂದ ಹೇಳುತ್ತಿದ್ದರು. ಅಜ್ಜಿಗೆ ವಯಸ್ಸಾಯಿತು ಎಂದು ಊರು ನಕ್ಕು ಸುಮ್ಮನಾಯಿತು. ನಾನೂ ಅಂಥ ದೊಡ್ಡ ಮನುಷ್ಯಳೇನಲ್ಲ. ನಂಬದೆಯೇ ಹೋಗಿ ಅವರ ಕೊಟ್ಟಿಗೆಯ ಕಂಬಕ್ಕೆ ನಮ್ಮ ಬಿಳಿ ಸೆನ್ಸರ್ ಪೆಟ್ಟಿಗೆ ಕಟ್ಟಿ ಬಂದೆ. ಪೇಂಟು, ತಿನ್ನರ್, ಪೆಟ್ರೋಲಿನಿಂದ ಏಳುವ ಆವಿ ಗಾಳಿಯಲ್ಲಿ ಎಷ್ಟಿದೆ ಎಂದು ಅಳೆದು ತುಮಕೂರಿನ ನಮ್ಮ ಮಾಲಿನ್ಯ ನಿಯಂತ್ರಣ ಆಫೀಸಿಗೆ ಕಳಿಸುವುದು ಅದರ ಕೆಲಸ.

ತಿಂಗಳಾದ ಮೇಲೆ ನಮ್ಮ ಗುರುಪ್ರಕಾಶ್ ಸರ್ ಗ್ರಾಫ್ ನೋಡಿ ಹಣೆ ಚಚ್ಚಿಕೊಂಡರು.

“ಅನುಪಮಾ, ಪ್ರತಿ ಸೋಮವಾರ ಸಂಜೆ ರೀಡಿಂಗ್ ಎಲ್ಲಿಗೋ ಏರಿಹೋಗುತ್ತೆ. ಅಲ್ಲಿರೋದು ಒಂದೇ ಶೆಡ್ಡು, ಪೇಂಟಿನ ಹಳೇ ಡ್ರಮ್ ತೊಳಿಯೋದು. ಸೋಮವಾರ ಅದಕ್ಕೆ ರಜಾ. ಪೆಟ್ಟಿಗೆ ಕೆಟ್ಟಿದೆ. ಬಿಚ್ಚಿ ರಿಪೇರಿಗೆ ಹಾಕು, ಕಂಪ್ಲೇಂಟ್ ಕ್ಲೋಸ್ ಮಾಡು.”

ನನಗೆ ರೇಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಸರ್ ಅಭ್ಯಾಸ. ಪೆಟ್ಟಿಗೆಯನ್ನು ಪರೀಕ್ಷೆ ಮಾಡಿ ಹಾಕಿದವಳು ನಾನು. ಆ ಸೋಮವಾರ ಸಂಜೆಯೇ ಸ್ಕೂಟರ್ ಹತ್ತಿದೆ.

ಹೋಗಿ ನೋಡಿದರೆ ಪೆಟ್ಟಿಗೆಗೆ ಮೂರು ಬೆರಳಿನ ವಿಭೂತಿ, ಮೇಲೊಂದು ಕಣಗಿಲೆ ಹೂ. ಗಾಳಿ ಒಳಗೆ ಹೋಗುವ ತೂತಿನ ಕೆಳಗೇ ಕಲ್ಲಮ್ಮ ಕರ್ಪೂರ ಹಚ್ಚಿ ಕೈ ಮುಗಿಯುತ್ತಿದ್ದರು. ಕರ್ಪೂರದಿಂದ ಏಳುವುದೂ ಅಂಥದೇ ಆವಿ. ಬಡಪಾಯಿ ಪೆಟ್ಟಿಗೆ ಇನ್ನೇನು ಮಾಡೀತು.

“ಅಜ್ಜಿ, ಇದೇನ್ ಮಾಡ್ತಿದೀರಾ?”

“ನನ್ ಮಾತ್ ಕೇಳಕ್ಕೆ ಅಂತ ಬಂದಿರೋದು ಇದೊಂದೇ ಕಣವ್ವ. ಸೋಮವಾರ ಒಂದ್ ಕರ್ಪೂರನಾದ್ರೂ ಹಚ್ಬೇಡ್ವಾ?”

ಆದದ್ದನ್ನು ಬಿಡಿಸಿ ಹೇಳಿದೆ. ಅವರ ಮುಖ ಬಾಡಿತು.

“ಹಂಗಾರೆ ನಾನೇ ಕೆಡಿಸ್ಬುಟ್ನಾ? ಬಿಚ್ಕೊಂಡ್ ಹೋಯ್ತೀರಾ?”

ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಗ್ರಾಫಿನಿಂದ ಸೋಮವಾರದ ಸಂಜೆಗಳನ್ನೆಲ್ಲ ತೆಗೆದುಹಾಕಿದೆ. ಆ ಬೆಟ್ಟಗಳು ಹೋದ ಮೇಲೆ, ಅವುಗಳ ಮುಂದೆ ಕಾಣದಿದ್ದ ಸಣ್ಣ ಗುಡ್ಡಗಳು ಕಂಡವು. ಎಲ್ಲವೂ ಬೆಳಿಗ್ಗೆ ಆರರ ಸುಮಾರಿಗೆ, ಕಲ್ಲಮ್ಮ ಹಾಲು ಕರೆಯುವ ಹೊತ್ತಿಗೆ. ಶೆಡ್ಡಿಗೆ ರಜಾ ಇರುವ ಸೋಮವಾರ ಬೆಳಿಗ್ಗೆ ಮಾತ್ರ ಒಂದೂ ಇಲ್ಲ.

ಗುರುವಾರ ಆ ಹೊತ್ತಿಗೆ ಸರ್ ಅವರನ್ನೂ ಎಬ್ಬಿಸಿ ಕರೆತಂದು, ಇನ್ನೊಂದು ಸೆನ್ಸರ್ ಕಟ್ಟಿದ ಡ್ರೋನ್ ಹಾರಿಸಿದೆ. ಕಲ್ಲಮ್ಮ ಚೆಂಬು ಕೆಳಗಿಟ್ಟು, ಗಾಳಿಗೆ ಮೂಗೊಡ್ಡಿ, ತೆಂಗಿನ ತೋಟದ ಆಚೆ ಕೈ ತೋರಿಸಿದರು. ಡ್ರೋನ್ ಆ ಕಡೆ ಹೋದಷ್ಟೂ ಅಂಕಿ ಏರಿತು. ಶೆಡ್ಡಿನ ಹಿಂದೆ ಬಯಲಲ್ಲೇ ತಿನ್ನರ್ ಸುರಿದು ಡ್ರಮ್ ತೊಳೆಯುತ್ತಿದ್ದರು. ಕ್ಯಾಮೆರಾಕ್ಕೂ ಸಿಕ್ಕಿಬಿದ್ದರು. ನೋಟಿಸ್ ಹೋಯಿತು, ಹದಿನೈದು ದಿನದಲ್ಲಿ ಬಯಲಲ್ಲಿ ತೊಳೆಯುವುದು ನಿಂತಿತು.

ನಮ್ಮ ವರದಿಯಲ್ಲಿ ‘ಮೊದಲು ಪತ್ತೆ ಹಚ್ಚಿದ ಉಪಕರಣ’ ಎಂಬ ಕಾಲಂ ಇದೆ. ‘ಕಲ್ಲಮ್ಮನವರ ಮೂಗು, ಕೋರ’ ಎಂದು ಬರೆದೆ. ಸರ್ ಹೊಡೆದುಹಾಕಲು ಪೆನ್ನು ಎತ್ತಿದರು, ಕೊನೆಗೆ ಸಹಿ ಹಾಕಿದರು.

ಅದನ್ನು ಓದಿ ಹೇಳಲು ಸೋಮವಾರ ಹೋದೆ. ಕಲ್ಲಮ್ಮ ಬಚ್ಚಲೊಲೆಯ ಹೊಗೆ ಯಾವ ಕಡೆ ತಿರುಗುತ್ತದೆಂದು ನೋಡಿಕೊಂಡು, ಪೆಟ್ಟಿಗೆಯಿಂದ ಇಪ್ಪತ್ತು ಹೆಜ್ಜೆ ದೂರ ನಿಂತು ಕರ್ಪೂರ ಹಚ್ಚುತ್ತಿದ್ದರು. ಎರಡು ಸಲ ಓದಿಸಿ ಕೇಳಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

“ಇನಿಷಿಯಲ್ ಬುಟ್ಟಿದೀಯಲ್ಲವ್ವ,” ಅಂದರು. “ಈ ಊರಲ್ಲಿ ಇನ್ನೂ ಮೂರ್ ಜನ ಕಲ್ಲಮ್ಮಂದಿರವ್ರೆ.”